ನಮ್ಮ ಪೈಕಿಯಲ್ಲದ ಸರ್ದಾರರು

ನಮ್ಮ ಶಿಕಾರಿಪುರದ ಕಡೆ ಹೊಸಬರು ಯಾರೇ ಬರಲಿ, ಮೊದಲು ಕುಡಿಯಲು ನೀರು ಕೊಡುತ್ತೇವೆ. ಆ ನೀರು ಗಂಟಲಲ್ಲಿ ಇಳಿಯುವಷ್ಟರಲ್ಲಿ ‘ತಾವು ಯಾವ ಪೈಕಿಯೋರು?’ ಎಂದು ಕೇಳಿಬಿಡುತ್ತೇವೆ. ಇದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಎಲೆ ಎಲ್ಲಿ ಹಾಕಬೇಕು, ಯಾವ ಹಬ್ಬಕ್ಕೆ ಕರೆಯಬೇಕು, ಸತ್ತರೆ ಯಾವ ದಿಕ್ಕಿಗೆ ಒಯ್ಯಬೇಕು, ಎಲ್ಲವೂ ಆ ಒಂದು ಉತ್ತರದಲ್ಲಿ ತೀರ್ಮಾನವಾಗಬೇಕು. ಶಿರಾಳಕೊಪ್ಪ ರಸ್ತೆಯಲ್ಲಿ ನನ್ನ ಬಿಡಿಭಾಗದ ಅಂಗಡಿಗೆ ಅಂಟಿಕೊಂಡ ಶೆಡ್ಡಿನಲ್ಲಿ ಟ್ರಾಕ್ಟರು, ಕೊಯ್ಲು ಯಂತ್ರ ರಿಪೇರಿ ಮಾಡುತ್ತಿದ್ದ ಸರ್ದಾರರಿಗೆ ಈ ಪ್ರಶ್ನೆ ಬಂದಷ್ಟು ಇನ್ನಾರಿಗೂ ಬಂದಿರಲಾರದು.

“ಸಿಖ್ ರೀ,” ಎನ್ನುತ್ತಿದ್ದರು.

“ಅಂದ್ರೆ ಹಿಂದೂನೋ, ಸಾಬರ ಪೈಕಿನೋ?”

“ಸಿಖ್ ರೀ.”

“ಅದು ಗೊತ್ತಾತು. ಅಂದ್ರೆ ಅದು ಯಾವುದ್ರಾಗೆ ಬರ್ತೈತೆ ಅಂತ ಕೇಳಿದ್ದು.”

“ಅದ್ರಾಗೇ ಬರ್ತೈತೆ ರೀ,” ಎಂದು ಯಂತ್ರದ ಕೆಳಗೆ ತೂರಿಕೊಳ್ಳುತ್ತಿದ್ದರು. ಕೇಳಿದವನು ಆಮೇಲೆ ನನ್ನ ಅಂಗಡಿಗೆ ಬಂದು, “ಜೋಯಿಸ್ರೇ, ನಿಮಗಾದ್ರೂ ಗೊತ್ತಿರ್ಬೇಕಲ್ಲ,” ಎಂದು ಪಿಸುಗುಡುತ್ತಿದ್ದ. ನಾನು ಜೋಯಿಸರ ಮನೆಯಲ್ಲಿ ಹುಟ್ಟಿದವನು. ಜನಿವಾರ ಇದೆ, ಸಂಧ್ಯಾವಂದನೆ ಇಲ್ಲ. ಬೇರಿಂಗು, ಬೆಲ್ಟು, ಆಯಿಲ್ ಸೀಲು ಬಿಟ್ಟರೆ ಬೇರೆ ಯಾವುದರ ವಿಷಯವನ್ನೂ ಖಚಿತವಾಗಿ ಹೇಳುವ ಅಭ್ಯಾಸ ನನಗಿಲ್ಲ.

ಅವರ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಹೆಸರು ಕೆತ್ತಿಸುವುದು, ಫೋಟೋಕ್ಕೆ ಹಾರ ಹಾಕುವುದು ಇವೆಲ್ಲ ಅವರಿಗೆ ಆಗದ ವಿಷಯಗಳು. ಊರಿಗೆಲ್ಲ ಅವರು ‘ಸರ್ದಾರ್ರು’ ಅಷ್ಟೇ. ಎತ್ತರದ ಆಳು, ಅಗಲ ಮುಂಗೈ, ಗ್ರೀಸು ಮೆತ್ತಿದ ನೀಲಿ ಪಗಡಿ. ಗಡ್ಡವನ್ನು ಬಲೆಯಲ್ಲಿ ಕಟ್ಟಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದರು. ಕನ್ನಡವನ್ನು ಗದ್ದೆಯಲ್ಲೂ ಗ್ಯಾರೇಜಿನಲ್ಲೂ ಕಲಿತವರಾದ್ದರಿಂದ ಏಕವಚನ ಬಹುವಚನದ ಗೊಡವೆಗೇ ಹೋಗದೆ ಎಲ್ಲರಿಗೂ ‘ರೀ’ ಹಚ್ಚುತ್ತಿದ್ದರು. ಶೆಡ್ಡಿಗೆ ನುಗ್ಗಿದ ನಾಯಿಗೂ “ಹೋಗ್ರೀ ಆ ಕಡೆ” ಎನ್ನುತ್ತಿದ್ದರು. ಹೆಂಡತಿಗೂ “ಗಿರಿಜಾ ರೀ”.

ದಿನಾ ಬೆಳಿಗ್ಗೆ ಅವರ ಮನೆಯ ಮುಂದಿನ ಓಣಿಯಲ್ಲಿ ಒಂದು ನೋಟವಿತ್ತು. ಪಗಡಿಯ ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಅವರು ಹಿಡಿದರೆ ಇನ್ನೊಂದು ತುದಿಯನ್ನು ಗಿರಿಜಕ್ಕ ಹಿಡಿದು ಎಳೆದು ನಿಲ್ಲುತ್ತಿದ್ದರು. ಮಡಿಕೆ ಕೂರುವ ತನಕ ಇಬ್ಬರೂ ಹಾಗೇ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲಬೇಕು. ಗಿರಿಜಕ್ಕನ ಹಣೆಯಲ್ಲಿ ಆಗಷ್ಟೇ ಹಚ್ಚಿದ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಹಾಲಿನವನು ಸೈಕಲ್ಲಿನಿಂದ ಇಳಿದು ಬಟ್ಟೆಯ ಕೆಳಗೆ ತಲೆ ಬಗ್ಗಿಸಿ ದಾಟುತ್ತಿದ್ದ.

ಸರ್ದಾರರು ಭತ್ತ ಕೊಯ್ಯುವ ಯಂತ್ರಗಳು ನಮ್ಮ ಕಡೆ ಹೊಸದಾಗಿ ಬಂದ ಕಾಲದಲ್ಲಿ ಪಂಜಾಬಿನಿಂದ ಡ್ರೈವರಾಗಿ ಬಂದವರು. ಆ ಊರು ಯಾಕೆ ಬಿಟ್ಟಿರಿ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ಒಂದು ಸುಗ್ಗಿಯಲ್ಲಿ ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ಯಂತ್ರ ಕೆಟ್ಟು ನಿಂತಿತು. ಬಿಡಿಭಾಗ ಬರುವವರೆಗೆ ಗದ್ದೆಯ ಯಜಮಾನರ ಮನೆಯ ಜಗಲಿಯೇ ಗತಿಯಾಯಿತು. ಆ ಯಜಮಾನರ ಮಗಳು ಗಿರಿಜಕ್ಕ. ಮುಂದಿನ ಸುಗ್ಗಿಗೆ ಯಂತ್ರ ಸರಿಯಿದ್ದರೂ ಅದೇ ಊರಿನಲ್ಲಿ ನಿಂತಿತು ಎಂದು ಹೊಸಬಾಳೆಯವರು ಈಗಲೂ ನಗುತ್ತಾರೆ.

ನಗು ಈಗಿನದು. ಆಗ ದೊಡ್ಡ ರಂಪವಾಗಿತ್ತು. ಗಿರಿಜಕ್ಕನ ತಂದೆ ಕಟ್ಟಾ ಲಿಂಗಾಯತರು, ಆದರೆ ಮಗಳ ಹಟ ಬಲ್ಲವರು. “ಲಿಂಗ ಕಟ್ಟಿಸ್ಕೊಳ್ಳಲಿ, ನಮ್ಮೋನಾಗಲಿ. ನಾನೇ ನಿಂತು ಮದ್ವೆ ಮಾಡ್ತೀನಿ,” ಎಂದರಂತೆ. ಬೇರೆಯವನಾಗಿದ್ದರೆ ಕುಣಿದುಕೊಂಡು ಒಪ್ಪುತ್ತಿದ್ದ. ಇವರು, “ನಿಮ್ಮ ಮಗಳ ಲಿಂಗ ತೆಗೀರಿ ಅಂತ ನಾನು ಕೇಳಲ್ಲ. ನನಗೆ ಕಟ್ರಿ ಅಂತ ನೀವು ಕೇಳಬೇಡ್ರಿ,” ಎಂದುಬಿಟ್ಟರು. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ತವರಿನ ಬಾಗಿಲು ಮುಚ್ಚಿತು. ತಂದೆ ತೀರಿಕೊಂಡಾಗಲೂ ಗಿರಿಜಕ್ಕ ಹೊಲದ ಬದುವಿನ ಮೇಲೆ ನಿಂತು ಮಣ್ಣು ಮಾಡುವುದನ್ನು ನೋಡಿ ಬಂದರು. ಆಮೇಲೆ ತಮ್ಮ ರುದ್ರಪ್ಪ ಯಜಮಾನನಾದ ಮೇಲೆ ಬಾಗಿಲು ತೆರೆಯಿತು. ರುದ್ರಪ್ಪನಿಗೆ ಅಕ್ಕನ ಮೇಲೆ ಜೀವ. ಭಾವನ ಮೇಲೆ ಮೊದಲು ಕುತೂಹಲ, ಆಮೇಲೆ ಅಭಿಮಾನ, ಕೊನೆಗೆ ಒಂದು ರೀತಿಯ ಭಕ್ತಿ. ಈ ಭಕ್ತಿಯೇ ಮುಂದೆ ತೊಂದರೆ ಕೊಟ್ಟಿತು.

ಭಕ್ತಿ ಬರಲು ಕಾರಣ ಚಪ್ಪಲಿ. ಆ ಕಡೆಯ ಒಂದು ಮಠದಲ್ಲಿ ಅಮಾವಾಸ್ಯೆಗೆ ದಾಸೋಹವಿರುತ್ತದೆ. ಗಿರಿಜಕ್ಕನ ಜೊತೆ ಸರ್ದಾರರೂ ಹೋಗುತ್ತಿದ್ದರು. ಎಲ್ಲರೂ ಸ್ವಾಮಿಗಳ ಪಾದಕ್ಕೆ ಬಿದ್ದರೆ ಇವರು ಕೈ ಮುಗಿದು ಹೊರಗೆ ಬರುತ್ತಿದ್ದರು, ಬೀಳುತ್ತಿರಲಿಲ್ಲ. ಹೊರಗೆ ಬಂದವರು ಬಾಗಿಲ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬಂದವರ ಚಪ್ಪಲಿಗಳನ್ನು ಬಟ್ಟೆಯಿಂದ ಒರೆಸಿ ಜೋಡಿ ಜೋಡಿಯಾಗಿ ಇಡುತ್ತಿದ್ದರು. ಮೊದಲ ಸಲ ನೋಡಿದ ರುದ್ರಪ್ಪ ಅವಮಾನದಿಂದ ಓಡಿಬಂದು ಬಟ್ಟೆ ಕಿತ್ತುಕೊಂಡ.

“ಭಾವ, ಏನ್ ಮಾಡಕ್ಕತ್ತೀರಿ? ನಮ್ಮನೆ ಮರ್ಯಾದೆ ತೆಗೀತೀರಾ?”

“ಗುರುದ್ವಾರದಾಗೆ ದೊಡ್ಡ ದೊಡ್ಡೋರೂ ಇದೇ ಕೆಲ್ಸ ಮಾಡೋದು ರೀ. ನಿಮ್ಮ ಸ್ವಾಮ್ಯಾರಿಗೆ ನಾನು ಬೀಳಕ್ಕಾಗಲ್ಲ. ನಮಗೆ ಗ್ರಂಥವೇ ಗುರು. ಬಂದ ಭಕ್ತರ ಸೇವೆ ಮಾಡಬೋದಲ್ಲ? ಬಟ್ಟೆ ಕೊಡ್ರಿ.”

ರುದ್ರಪ್ಪ ಬಟ್ಟೆ ಕೊಡಲಿಲ್ಲ. ಆದರೆ ತಿಂಗಳಾನುಗಟ್ಟಲೆ ಅದನ್ನೇ ಯೋಚಿಸಿದ. ವಿಗ್ರಹ ಪೂಜೆ ಇಲ್ಲ, ಜಾತಿ ಇಲ್ಲ, ದುಡಿದು ತಿನ್ನು, ಹಂಚಿ ತಿನ್ನು. ಇದೆಲ್ಲ ನಮ್ಮ ಶರಣರ ಮಾತೇ ಅಲ್ಲವೇ? ಭಾವ ಲಿಂಗ ಕಟ್ಟದ ಶರಣ ಎಂದು ಅವನು ತೀರ್ಮಾನಿಸಿದ. ಊರಿನಲ್ಲಿ ಹಾಗೇ ಹೇಳಿಕೊಂಡು ತಿರುಗಿದ. ಸರ್ದಾರರ ಕಿವಿಗೂ ಬಿತ್ತು. “ಶರಣರು ಭಾಳ ದೊಡ್ಡೋರು ರೀ. ನಾನು ಸಿಖ್,” ಎಂದರು.

ಅವರನ್ನು ತನ್ನವರೆಂದು ಹೇಳಿಕೊಳ್ಳಲು ಹೊರಟವನು ರುದ್ರಪ್ಪ ಒಬ್ಬನೇ ಅಲ್ಲ. ಎದುರಿನ ಪಂಕ್ಚರ್ ಅಂಗಡಿಯ ಬಾಷಾ ಸಾಬರು, “ದೇವರು ಒಬ್ಬನೇ ಅಂತೀರಿ, ಬುತ್ ಪೂಜೆ, ಅಂದ್ರೆ ಮೂರ್ತಿ ಪೂಜೆ, ಇಲ್ಲ ಅಂತೀರಿ. ನೀವು ನಮ್ಮ ಹತ್ರದೋರು ಸರ್ದಾರ್ರೇ,” ಎನ್ನುತ್ತಿದ್ದರು. ಒಂದು ವರ್ಷ ಊರಿನ ಮೆರವಣಿಗೆಯ ಹುಡುಗರು ಬಂದು, ಸಿಖ್ಖರೆಂದರೆ ಹಿಂದೂಗಳ ಕತ್ತಿ, ಸರ್ದಾರರು ಕತ್ತಿ ಹಿಡಿದು ಮುಂದೆ ನಡೆಯಬೇಕು ಎಂದು ಕೇಳಿದರು. ಸರ್ದಾರರು ಅವರಿಗೆಲ್ಲ ಚಹಾ ಕೊಟ್ಟರು. ಚಹಾ ಕುಡಿದಾದ ಮೇಲೆ, “ಯಾರಿಗಾದ್ರೂ ಹೊಡೀತಾ ಇದ್ರೆ ಕರೀರಿ, ಬರ್ತೀನಿ. ಮೆರವಣಿಗೆಗೆ ಬರಲ್ಲ,” ಎಂದರು. ಹುಡುಗರಿಗೆ ಅದು ಹೌದೋ ಅಲ್ಲವೋ ತಿಳಿಯಲಿಲ್ಲ.

ನನಗೂ ತಡೆಯಲಾಗಲಿಲ್ಲ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಮಂಡಕ್ಕಿ ಮೆಣಸಿನಕಾಯಿ ತರಿಸಿ ಇಬ್ಬರೂ ತಿನ್ನುತ್ತ ಕೂತಿದ್ದಾಗ ಕೇಳಿದೆ. “ಸರ್ದಾರ್ರೇ, ನಿಮ್ಮ ಗ್ರಂಥದಲ್ಲಿ ರಾಮ ಅಂತ ಇದೆಯಂತೆ, ಹರಿ ಅಂತ ಇದೆಯಂತೆ. ಹಂಗಿದ್ದ ಮೇಲೆ ನೀವು ನಮ್ಮಿಂದ ಬೇರೆ ಹೆಂಗಾಗ್ತೀರಿ? ಪಾಲಾಗಿ ಬೇರೆ ಒಲೆ ಹೂಡಿದ ತಮ್ಮ ಅಂತ ಅಂದ್ಕೊಳ್ಳೋಣ ಬಿಡಿ.”

ಅವರು ಮೆಣಸಿನಕಾಯಿಯ ತೊಟ್ಟು ಪಕ್ಕಕ್ಕಿಟ್ಟರು. “ರಾಮ ಐತೆ, ಅಲ್ಲಾ ಅಂತಾನೂ ಐತೆ ರೀ. ಹಿಂದೂ ಭಕ್ತರ ಪದ ಐತೆ, ಮುಸ್ಲಿಂ ಸಂತರ ಪದ ಐತೆ. ನೇಕಾರಂದು, ಚಮ್ಮಾರಂದು ಎಲ್ಲಾ ಐತೆ. ನಾವು ಆ ಗ್ರಂಥಕ್ಕೆ ತಲೆ ಬಗ್ಗಿಸಿದ್ರೆ ಅವರೆಲ್ಲರಿಗೂ ಬಗ್ಗಿಸಿದಂಗೆ. ಆದ್ರೆ ತಮ್ಮ ಅಂದ್ರಲ್ಲ, ತಮ್ಮ ಪಾಲು ತಗೊಂಡು ಹೋಗ್ತಾನೆ. ನಾವು ಯಾರ ಪಾಲೂ ತಗೊಂಡಿಲ್ಲ. ನಮ್ಮ ಒಲೆ ನಾವೇ ಹೊಸದಾಗಿ ಹೂಡಿದ್ದು.”

ಆಮೇಲೆ ನನ್ನ ಬನಿಯನ್ನಿನಿಂದ ಹೊರಗೆ ಇಣುಕುತ್ತಿದ್ದ ಜನಿವಾರದ ಕಡೆ ಬೆರಳು ತೋರಿಸಿದರು. “ನಮ್ಮ ಮೊದಲನೇ ಗುರು ಸಣ್ಣ ಹುಡುಗ ಇದ್ದಾಗ ಇದನ್ನ ಹಾಕಕ್ಕೆ ಬಂದ್ರು. ನನಗೆ ಬೇಡ ಅಂದ್ರು ಅವರು. ಒಂಬತ್ತನೇ ಗುರು ಇದ್ರಲ್ಲ, ಇದನ್ನ ಹಾಕ್ಕೊಳ್ಳೋ ಪಂಡಿತರು ಬಂದು, ದಿಲ್ಲಿ ಬಾದಶಹ ಬಲವಂತದಿಂದ ನಮ್ಮ ಧರ್ಮ ಬದಲಾಯಿಸ್ತಾನೆ ಅಂತ ಅತ್ತಾಗ, ಅವರ ಸಲುವಾಗಿ ಹೋಗಿ ತಲೆ ಕೊಟ್ರು. ತಾವು ಹಾಕ್ಕೊಳ್ಳಲ್ಲ. ಹಾಕ್ಕೊಳ್ಳೋರಿಗೆ ತಲೆ ಕೊಟ್ರು. ಎರಡೂ ನಮ್ದೇ ರೀ.”

ನಾನು ಜನಿವಾರವನ್ನು ಒಳಗೆ ತಳ್ಳಿಕೊಂಡೆ. ತಮಾಷೆಗೆ ಶುರು ಮಾಡಿದ ಮಾತು, ಆದರೆ ಅಂದಿನಿಂದ ಅವರ ಮೇಲೆ ನನಗೆ ಹುಟ್ಟಿದ ಗೌರವ ತಮಾಷೆಯದಲ್ಲ. ನಾನು ಅವರನ್ನು ತುಂಬ ಪ್ರೀತಿಸಿದೆ. ಇದನ್ನು ಅವರಿದ್ದಾಗ ಹೇಳುವ ಸಂದರ್ಭ ಬರಲಿಲ್ಲ. ಗಂಡಸರು ಗಂಡಸರಿಗೆ ಹಾಗೆಲ್ಲ ಹೇಳುವ ಪದ್ಧತಿ ನಮ್ಮ ಪೇಟೆಯಲ್ಲಿಲ್ಲ.

ದೇವರಂಥ ಮನುಷ್ಯ ಎಂದು ಬರೆದರೆ ಸುಳ್ಳಾಗುತ್ತದೆ. ವಿಪರೀತ ಹಟಮಾರಿ. ತಂಬಾಕಿನ ವಾಸನೆ ಬಂದರೆ ಕೆರಳುತ್ತಿದ್ದರು. ಬೀಡಿ ಹಚ್ಚಿದವನ ಟ್ರಾಕ್ಟರನ್ನು ಅರ್ಧ ಬಿಚ್ಚಿದ್ದರೂ ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದರು. ನಮ್ಮ ಕಡೆ ಎಲೆ ಅಡಿಕೆ ತಟ್ಟೆಯಲ್ಲಿ ಹೊಗೆಸೊಪ್ಪು ಇಡುವುದು ಮರ್ಯಾದೆ, ಅದನ್ನು ಕಂಡರೆ ತಟ್ಟೆಯನ್ನೇ ದೂರ ತಳ್ಳಿ ಮನೆಯವರ ಮುಖ ಸಣ್ಣದು ಮಾಡುತ್ತಿದ್ದರು. ಯಾರಾದರೂ ‘ಹೊರಗಿನವರು’ ಎಂದರಂತೂ ಬಿಡುತ್ತಲೇ ಇರಲಿಲ್ಲ. ಅವರ ಹತ್ತನೇ ಗುರು, ಧರ್ಮಕ್ಕಾಗಿ ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನವರು, ಕ್ಷೌರಿಕರು. “ನಿಮ್ಮ ಬೀದರಿನೋರು ನಮ್ಮವರಾಗಿ ಎಷ್ಟು ಕಾಲ ಆತು ರೀ. ಲೇಟಾಗಿ ಬಂದೋರು ನೀವು,” ಎಂದು ದಬಾಯಿಸುತ್ತಿದ್ದರು.

ಕಾರ್ತಿಕ ಹುಣ್ಣಿಮೆ ಅವರ ಮೊದಲ ಗುರುವಿನ ಹುಟ್ಟುಹಬ್ಬ. ಅಂದು ಶೆಡ್ಡು ತೊಳೆದು, ತಾವೇ ರೊಟ್ಟಿ, ಬೇಳೆ ಮಾಡಿ ಬಂದವರಿಗೆಲ್ಲ ಬಡಿಸುತ್ತಿದ್ದರು. ಎಲ್ಲರೂ ಒಂದೇ ಸಾಲಿನಲ್ಲಿ ಚಾಪೆಯ ಮೇಲೆ ಕೂರಬೇಕು, ಅದೊಂದೇ ನಿಯಮ. ಒಂದು ವರ್ಷ ಜಡೆ ಊರಿನ ಕಡೆಯ ದೊಡ್ಡ ಹಿಡುವಳಿಯ ಗೌಡರೊಬ್ಬರು ಬಂದರು. ಸಾಲಿನಲ್ಲಿ ಗ್ಯಾರೇಜಿನ ಕೆಲಸದವರು, ಪೌರಕಾರ್ಮಿಕರು ಎಲ್ಲ ಕೂತಿದ್ದರು. ಗೌಡರು ನೋಡಿದರು. “ಮಂಡಿ ನೋವು ಸರ್ದಾರ್ರೇ, ನಂಗೆ ಕುರ್ಚಿ ಬೇಕಾಗ್ತೈತೆ,” ಎಂದರು. ನೋವು ನಿಜವೋ ನೆಪವೋ ಶಿವನೇ ಬಲ್ಲ. ಸರ್ದಾರರು ವಾದ ಮಾಡಲಿಲ್ಲ. ಬಡಿಸುವುದನ್ನು ನಿಲ್ಲಿಸಿ, ಶಾಮಿಯಾನದವನಿಗೆ ಹೇಳಿ ಕೂತಿದ್ದ ಎಲ್ಲರಿಗೂ ಕುರ್ಚಿ ತರಿಸಿದರು. ಬೇಳೆ ಆರಿಹೋಯಿತು. ಆಮೇಲೆ ಎಲ್ಲರೂ ಒಂದೇ ಎತ್ತರದಲ್ಲಿ ಕೂತು ಊಟ ಮಾಡಿದೆವು. ಗೌಡರೂ ಮಾಡಿದರು, ಮುಂದಿನ ವರ್ಷವೂ ಬಂದರು, ಆಗ ಚಾಪೆಯ ಮೇಲೆ ಕೂತರು.

ಇಂಥ ಹಟದ ಮನುಷ್ಯನಿಗೆ ಮನೆಯಲ್ಲಿ ಒಂದೇ ಒಂದು ಜಗಳ. ಶೆಡ್ಡಿನ ಹಿಂದೆಯೇ ಮನೆಯಾದ್ದರಿಂದ ತಗಡಿನ ಗೋಡೆಯ ಆಚೆಯಿಂದ ಎಷ್ಟೋ ಸಲ ನನ್ನ ಕಿವಿಗೆ ಬಿದ್ದದ್ದು ಅದೊಂದೇ ಜಗಳ. ಸತ್ತ ಮೇಲೆ ಏನು ಮಾಡಬೇಕು ಎನ್ನುವುದು.

ಹೊರಗಿನವರಿಗೆ ತಿಳಿಯಲೆಂದು ಹೇಳುತ್ತೇನೆ. ಲಿಂಗಾಯತರು ಸುಡುವುದಿಲ್ಲ. ಮೈಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಹಾಕಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲೇ ಮಣ್ಣಿಗೆ ಇಳಿಸುತ್ತಾರೆ. ಹೊಲದಲ್ಲೇ ಸಮಾಧಿ. ಬೆಂಕಿಗೆ ಕೊಡುವುದೆಂದರೆ ಅವರಿಗೆ ಮೈ ಜುಮ್ಮೆನ್ನುತ್ತದೆ. ಸಿಖ್ಖರು ಸುಡುತ್ತಾರೆ. ಬೂದಿಯನ್ನು ಹರಿಯುವ ನೀರಿಗೆ ಬಿಡುತ್ತಾರೆ. ಕಲ್ಲು, ಕಟ್ಟೆ, ತಿಥಿ ಯಾವುದೂ ಇಲ್ಲ.

“ನಮ್ಮಪ್ಪ, ಅವ್ವ ಇಬ್ರೂ ಹೊಲದಾಗೆ ಮಗ್ಗುಲಿಗೆ ಮಗ್ಗುಲು ಕುಂತಾರೆ,” ಎನ್ನುತ್ತಿದ್ದರು ಗಿರಿಜಕ್ಕ. “ನಂಗೂ ಹಂಗೇ ಬೇಕು. ಇದ್ದಾಗ ನಿಮ್ಮ ಯಾವುದಕ್ಕೂ ಅಡ್ಡ ಬಂದಿಲ್ಲ ನಾನು. ಇದೊಂದು ನನ್ನ ಮಾತು ನಡೀಲಿ.”

“ಕಲ್ಲು ಇಟ್ರೆ ಹೂವು ಇಡ್ತಾರೆ ರೀ. ಹೂವು ಇಟ್ರೆ ಕಾಯಿ ಒಡೀತಾರೆ. ನಿಮ್ಮ ತಮ್ಮ ಇದ್ದಾರಲ್ಲ, ಗದ್ದುಗೇನೇ ಕಟ್ತಾರೆ. ನನ್ನ ಗುರು ಇದೆಲ್ಲ ಬೇಡ ಅಂದಾರೆ.”

“ನಾನು ಕಾಯಿ ಒಡೆಯಲ್ಲ. ಸುಮ್ನೆ ಬಂದು ಕೂರ್ತೀನಿ. ನೀವು ಹೊಗೆ ಆಗಿ ಹೋದ್ರೆ ನಾನು ಯಾರ ಹತ್ರ ಹೋಗಿ ಕೂರ್ಲಿ?”

ಇದನ್ನು ಕೇಳಿದರೆ ಸರ್ದಾರರು ಎದ್ದು ಶೆಡ್ಡಿಗೆ ಬಂದು ಬೇಡದ ನಟ್ಟುಗಳನ್ನು ಬಿಚ್ಚಿ ಮತ್ತೆ ಬಿಗಿಯುತ್ತ ಕೂರುತ್ತಿದ್ದರು. ಒಮ್ಮೆ ನನ್ನ ಕಡೆ ನೋಡಿ, “ಅವರು ಹೇಳೋದು ತಪ್ಪಲ್ಲ ಜೋಯಿಸ್ರೇ,” ಎಂದರು. ಆದರೆ ತಮ್ಮ ಮಾತು ಬದಲಿಸಲಿಲ್ಲ. ಗಿರಿಜಕ್ಕನೂ ಒಪ್ಪಿಕೊಳ್ಳಲಿಲ್ಲ. ಜಗಳ ಹಾಗೇ ಉಳಿದಿತ್ತು.

ಈಚಿನ ಸುಗ್ಗಿಯಲ್ಲಿ, ಒಂದು ಮಧ್ಯಾಹ್ನ ಊಟಕ್ಕೆಂದು ಕೈ ತೊಳೆದವರು ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ನಾನೂ ಬಾಷಾ ಸಾಬರೂ ಆಟೋದಲ್ಲಿ ಹಾಕಿಕೊಂಡು ಹೋದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಾವಣಗೆರೆಯಲ್ಲಿ ಟೀಚರಾಗಿರುವ ಮಗಳು ಅಮೃತಾ ಸಂಜೆಯ ಹೊತ್ತಿಗೆ ಬಂದಳು. ಮಣ್ಣೋ ಬೆಂಕಿಯೋ ಎಂದು ಗಿರಿಜಕ್ಕನನ್ನು ಕೇಳುವ ಧೈರ್ಯ ಅಂದು ಯಾರಿಗೂ ಇರಲಿಲ್ಲ.

ಬೆಳಿಗ್ಗೆ ಹೊಸಬಾಳೆಯಿಂದ ರುದ್ರಪ್ಪ ಎರಡು ಗಾಡಿ ಜನರೊಂದಿಗೆ ಬಂದ. ಅತ್ತು ಅತ್ತು ಅವನ ಕಣ್ಣುಗಳು ಊದಿದ್ದವು. ಅಕ್ಕನ ಮುಂದೆ ಕೂತು ಕೈ ಹಿಡಿದುಕೊಂಡ.

“ಅಕ್ಕ, ಎಲ್ಲಾ ವ್ಯವಸ್ಥೆ ಆಗೈತೆ. ಅಪ್ಪನ ಪಕ್ಕದಾಗೇ ಗುಂಡಿ ತೋಡಿಸೀನಿ. ಅಪ್ಪ ಇದ್ದಾಗ ಮನೆ ಒಳಗೆ ಬಿಡ್ಲಿಲ್ಲ, ಈಗ ಮಗ್ಗುಲಿಗೇ ಕೂರಿಸ್ತೀವಿ. ಊರೋರು ಒಬ್ರೂ ಇಲ್ಲ ಅನ್ಲಿಲ್ಲ. ನಮ್ಮೋರು ಅಂತ ಒಪ್ಯಾರೆ. ಅಯ್ಯನೋರೂ ಬಂದಾರೆ.”

ಮಠದ ಅಯ್ಯನವರು ವಿಭೂತಿ, ಬಿಲ್ವಪತ್ರೆ ಮತ್ತು ಒಂದು ಹೊಸ ಲಿಂಗ ತಂದಿದ್ದರು. ಸರ್ದಾರರಿಗೆ ಲಿಂಗ ಕಟ್ಟಿ, ಆಮೇಲೆ ಮಣ್ಣಿಗೆ ಇಳಿಸುವುದು ಎಂದು ಮಾತಾಗಿತ್ತು. ಇದು ಎಷ್ಟು ದೊಡ್ಡದು ಎಂದು ನಮ್ಮ ಕಡೆಯವರಿಗೆ ಮಾತ್ರ ಅರ್ಥವಾದೀತು. ಒಂದು ಕಾಲಕ್ಕೆ ಆ ಮನುಷ್ಯನನ್ನು ಬದು ದಾಟಲು ಬಿಡದವರು ಈಗ ತಮ್ಮ ಹಿರಿಯರ ಸಾಲಿನಲ್ಲಿ ಜಾಗ ಕೊಡುತ್ತಿದ್ದರು. ಅದಕ್ಕಿಂತ ಹೆಚ್ಚಿನದು ಅವರ ಹತ್ತಿರ ಇರಲಿಲ್ಲ. ಬಾಷಾ ಸಾಬರು ಮೂಲೆಯಲ್ಲಿ ನಿಂತು ಅತ್ತರು.

ಅಷ್ಟರಲ್ಲಿ ಪೌರೋಹಿತ್ಯ ಮಾಡುವ ನಮ್ಮ ಅಣ್ಣ ದರ್ಭೆ ಹಿಡಿದುಕೊಂಡು ಬಂದ. ಯಾರೂ ಕರೆದಿರಲಿಲ್ಲ, ಅವನ ವಿಶ್ವಾಸ ಅವನನ್ನು ಕರೆತಂದಿತ್ತು. “ಸರ್ದಾರ್ರದು ಸುಡೋ ಪದ್ಧತಿ. ಅವರೂ ಹಿಂದೂಗಳೇ ತಾನೇ. ಮಂತ್ರ ನಾನು ಹೇಳ್ತೀನಿ, ಹನ್ನೊಂದನೇ ದಿನದ್ದೂ ಮಾಡಿಸ್ತೀನಿ,” ಎಂದ. ರುದ್ರಪ್ಪನ ಕಡೆಯವರು ಸಿಟ್ಟಾದರು. ಸತ್ತವರ ತಲೆಯ ಹತ್ತಿರ ನಿಂತು ಇಬ್ಬರೂ ಬಹಳ ಮರ್ಯಾದೆಯಿಂದ, ತಗ್ಗಿದ ದನಿಯಲ್ಲಿ ಎಳೆದಾಡಿದರು. ಅಮೃತಾ ತಾಯಿಯ ಮುಖ ನೋಡಿದಳು. ತಾನು ಏನು ಹೇಳಿದರೂ ಯಾರೋ ಒಬ್ಬರನ್ನು ಕಳೆದುಕೊಳ್ಳುತ್ತೇನೆ ಎನ್ನುವಂತಿತ್ತು ಆ ಹುಡುಗಿಯ ನೋಟ.

ಅಯ್ಯನವರು ಲಿಂಗದ ದಾರ ಬಿಚ್ಚಿ ಮುಂದೆ ಬಗ್ಗಿದರು. ಆಗ ಗಿರಿಜಕ್ಕ ಕೈ ಅಡ್ಡ ಹಿಡಿದರು.

“ಅಯ್ಯನೋರೇ, ತಡೀರಿ. ಜೀವ ಇದ್ದಾಗ ನಮ್ಮಪ್ಪ ಕೇಳಿದ್ರೂ ಬೇಡ ಅಂದೋರು ಇವರು. ಈಗ ಕೈ ಎತ್ತಿ ಬೇಡ ಅನ್ನಕ್ಕಾಗಲ್ಲ ಅಂತ ಕಟ್ತೀರೇನು?”

ಅಯ್ಯನವರ ಕೈ ಅಲ್ಲೇ ನಿಂತಿತು. ರುದ್ರಪ್ಪ, “ಅಕ್ಕ, ನೀನೇ ತಾನೇ ಅಷ್ಟು ವರ್ಷ ಮಣ್ಣೇ ಮಾಡ್ಬೇಕು ಅಂತಿದ್ದಿ,” ಎಂದ.

“ಅಂತಿದ್ದೆ. ಅವರ ಜೊತೆ ಜಗಳ ಮಾಡಿ ಗೆಲ್ಲಬೇಕಂತಿದ್ದೆ. ಈಗ ಗೆದ್ರೆ ಅದು ಗೆದ್ದಂಗಲ್ಲ.” ಆಮೇಲೆ ನಮ್ಮ ಅಣ್ಣನ ಕಡೆ ತಿರುಗಿದರು. “ನೀವೂ ಬೇಜಾರು ಮಾಡ್ಕೋಬೇಡ್ರಿ. ಸುಡ್ತಾರೆ ಅಂದ ಮಾತ್ರಕ್ಕೆ ನಿಮ್ಮ ಪೈಕಿ ಆಗಲ್ಲ ಅವರು. ದರ್ಭೆ ಬೇಡ. ಅವರ ಜನ ಇದ್ದಾರೆ. ಅಮೃತಾ, ಆ ಮಷಿನ್ನಿನೋರಿಗೆ ಫೋನ್ ಮಾಡು.”

ಕೊಯ್ಲಿನ ಕಾಲವಾದ್ದರಿಂದ ಪಂಜಾಬಿನ ಡ್ರೈವರುಗಳು ಸುತ್ತಲ ಗದ್ದೆಗಳಲ್ಲೇ ಇದ್ದರು. ಯಂತ್ರ ನಿಲ್ಲಿಸಿ ಬಂದರು. ಪಗಡಿಯ ಮೇಲೆ, ಗಡ್ಡದಲ್ಲಿ ಭತ್ತದ ಹೊಟ್ಟು ಹಾಗೇ ಇತ್ತು. ಕೈಕಾಲು ತೊಳೆದುಕೊಂಡು ಸರ್ದಾರರಿಗೆ ಸ್ನಾನ ಮಾಡಿಸಿದರು. ಕೂದಲು ಬಾಚಿದರು, ಕೈಯ ಕಡಗ ಹಾಗೇ ಉಳಿಸಿದರು, ಹೊಸ ಪಗಡಿ ಕಟ್ಟಿದರು. ಆ ಡ್ರೈವರುಗಳಲ್ಲೊಬ್ಬರು, ವಯಸ್ಸಾದವರು, ಪ್ರಾರ್ಥನೆ ಹೇಳಿದರು. ನಮಗೆ ಒಂದಕ್ಷರ ತಿಳಿಯಲಿಲ್ಲ. ಅಯ್ಯನವರು, ನಮ್ಮ ಅಣ್ಣ, ಬಾಷಾ ಸಾಬರು ಮೂವರೂ ಒಂದೇ ಗೋಡೆಗೆ ಒರಗಿ ನಿಂತು ಕೇಳಿದರು.

ನಮ್ಮ ಕಡೆ ಹೆಂಗಸರು ಸುಡುಗಾಡಿಗೆ ಬರುವುದಿಲ್ಲ. ಗಿರಿಜಕ್ಕ ಬಂದರು. ಅವರ ಮನೆತನದಲ್ಲಿ ಯಾರೂ ಚಿತೆಯನ್ನು ಹತ್ತಿರದಿಂದ ಕಂಡವರೇ ಅಲ್ಲ. ರುದ್ರಪ್ಪ ಮುನಿಸಿಕೊಂಡು ಗೇಟಿನಲ್ಲೇ ನಿಂತಿದ್ದವನು ಸೌದೆ ಸಾಲದು ಎಂದಾಗ ತಾನೇ ಹೊತ್ತು ತಂದ. ತಾಯಿ ಮಗಳು ಇಬ್ಬರೂ ಒಂದೇ ಕೊಳ್ಳಿ ಹಿಡಿದು ಬೆಂಕಿ ಇಟ್ಟರು. ಉರಿ ಏರಿದಾಗ ಕಾವು ತಾಳಲಾರದೆ ನಾವೆಲ್ಲ ಹಿಂದೆ ಸರಿದೆವು. ಗಿರಿಜಕ್ಕ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತರು. ಎಳೆದುಕೊಂಡು ಬರಬೇಕಾಯಿತು.

ಮೂರನೆಯ ದಿನ ಬೂದಿಯನ್ನು ಮಣ್ಣಿನ ಮಡಿಕೆಯಲ್ಲಿ ತುಂಬಿಕೊಂಡು ರುದ್ರಪ್ಪನ ಜೀಪಿನಲ್ಲಿ ಸೊರಬದ ಕಡೆ ಹೊರಟೆವು. ದಂಡಾವತಿ ಹೊಳೆಯಲ್ಲಿ ಬಿಡುವುದೆಂದು ಗಿರಿಜಕ್ಕ ಹೇಳಿದ್ದರು. ದಾರಿಯಲ್ಲಿ ರುದ್ರಪ್ಪ ಯಾರನ್ನೂ ಕೇಳದೆ ಜೀಪನ್ನು ಹೊಸಬಾಳೆಗೆ ತಿರುಗಿಸಿ ತಮ್ಮ ಹೊಲದ ಹತ್ತಿರ ನಿಲ್ಲಿಸಿದ. ತಂದೆ ತಾಯಿಯ ಸಮಾಧಿಗಳ ಪಕ್ಕದಲ್ಲಿ ಗುಂಡಿ ಇನ್ನೂ ತೆರೆದೇ ಇತ್ತು.

“ತೋಡಿದ ಗುಂಡಿ ಬರಿದೇ ಮುಚ್ಚಬಾರದು ಅಂತಾರೆ ಅಕ್ಕ. ಒಂದು ಹಿಡಿ ಕೊಡು. ಒಂದೇ ಹಿಡಿ. ಉಳಿದಿದ್ದೆಲ್ಲ ನೀರಿಗೆ ಬಿಡು. ಭಾವನ ಮಾತೂ ನಡೆದಂಗಾತು, ನಿಂಗೆ ಬಂದು ಕೂರಾಕೆ ಒಂದು ಜಾಗಾನೂ ಆತು.”

ನನಗೆ ಅದು ನ್ಯಾಯವಾದ ಮಾತು ಎನ್ನಿಸಿತು. ಅಮೃತಾಳಿಗೂ ಎನ್ನಿಸಿರಬೇಕು, ಅವಳು ಅತ್ತ ತಿರುಗಿಕೊಂಡಳು. ಗಿರಿಜಕ್ಕ ಮಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಯ ಅಂಚಿನಲ್ಲಿ ಕೂತರು. ಮಡಿಕೆಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿದರು. ಒಳಗೆ ಕೈ ಹಾಕಿದರು. ಬಹಳ ಹೊತ್ತು ಕೈ ಒಳಗೇ ಇತ್ತು. ಆಮೇಲೆ ಬರಿಗೈಯನ್ನು ಹೊರಗೆ ತೆಗೆದು ಬಟ್ಟೆಯನ್ನು ಮತ್ತೆ ಕಟ್ಟಿದರು.

“ಬೇಡ ರುದ್ರಾ. ಇಲ್ಲಿ ಒಂದು ಹಿಡಿ ಹಾಕಿದ್ರೆ ನಾಳೆ ನೀನು ಕಟ್ಟೆ ಕಟ್ತೀಯ. ನೀನು ಕಟ್ಟದಿದ್ರೂ ನಾನು ದೀಪ ಹಚ್ತೀನಿ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ.”

ದಂಡಾವತಿಯಲ್ಲಿ ನೀರು ಇಳಿದಿತ್ತು, ಆದರೆ ಹರಿಯುತ್ತಿತ್ತು. ಗಿರಿಜಕ್ಕ ಮೊಣಕಾಲಿನವರೆಗೆ ಇಳಿದು ಮಡಿಕೆಯನ್ನು ಬಗ್ಗಿಸಿದರು. ಒಳಗೆ ಅಂಟಿದ್ದನ್ನು ನೀರು ಹಾಕಿ ತೊಳೆದರು. ಬಟ್ಟೆಯನ್ನು ಜಾಲಿಸಿದರು. ಕೊನೆಗೆ ತಮ್ಮ ಕೈಯನ್ನು, ಉಗುರಿನ ಸಂದುಗಳನ್ನು ತೊಳೆದುಕೊಂಡರು. ಎಲ್ಲ ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಅತ್ತರು.

ಮರಳುವಾಗ ಹೊಲದ ಹತ್ತಿರ ಜೀಪು ನಿಲ್ಲಿಸಲು ಗಿರಿಜಕ್ಕನೇ ಹೇಳಿದರು. ಇಳಿದು ಹೋಗಿ ಗುಂಡಿ ನೋಡಿದರು.

“ಇದನ್ನ ಮುಚ್ಚು ರುದ್ರಾ. ಬರಿದೇ ಮುಚ್ಚಿದ್ರೂ ಏನೂ ಆಗಲ್ಲ. ಜಾಗ ಮಾತ್ರ ನೆನಪಿಟ್ಕೋ, ಇದು ನಂದು. ಅಮೃತಾ, ನಿಮ್ಮಪ್ಪನ ಜೊತೆ ಹೋಗ್ಲಿ ಅಂತ ನೀನು ನನ್ನ ಸುಡಕ್ಕೆ ಹೋಗ್ಬೇಡ. ಅವರು ಅವರಂಗೆ ಹೋದ್ರು. ನಾನು ನನ್ನಂಗೆ.”

ಅಮೃತಾ ತಲೆಯಾಡಿಸಿದಳು. ರುದ್ರಪ್ಪ ಸಲಿಕೆ ತೆಗೆದುಕೊಂಡು ಮಣ್ಣು ಎಳೆಯತೊಡಗಿದ. ನಾನೂ ಪಂಚೆ ಎತ್ತಿ ಕಟ್ಟಿ ಕೈ ಹಾಕಿದೆ. ಅರ್ಧ ತುಂಬಿದ ಮೇಲೆ ರುದ್ರಪ್ಪ ಬೆನ್ನು ನೆಟ್ಟಗೆ ಮಾಡಿ, ಅಭ್ಯಾಸದಿಂದಲೋ ಆಸೆಯಿಂದಲೋ, ಪಕ್ಕದ ಗದ್ದೆಯ ಕಡೆ ಕೈ ತೋರಿಸಿ ಕೇಳಿದ.

“ಬದು ಆ ಕಡೆಗೆ ಸರಿಸ್ಲೇನಕ್ಕ? ಇಬ್ರಿಗಾಗೋಷ್ಟು ಜಾಗ ಆಗ್ತೈತೆ.”

ಗಿರಿಜಕ್ಕ ಆ ಜಾಗವನ್ನು ನೋಡಿದರು. ಮತ್ತೆ ದೂರದಲ್ಲಿ ಹೊಳೆ ಇರುವ ದಿಕ್ಕನ್ನು ನೋಡಿದರು.

“ಬೇಡ ಕಣೋ,” ಎಂದರು. “ಒಬ್ರಿಗೆ ಸಾಕು.”